ಮಾರಿಗೆ ಎದುರು ನಿಂತ ಹಾಫ್ಕಿನನ ಚರಿತ್ರೆ

ಮನೆಯೊಳಗೆ ಒಂದು ಇಲಿ ಸತ್ತುಬಿದ್ದರೆ ಸಾಕು, ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲವೊಂದಿತ್ತೆಂದು ನಮ್ಮ ಅಜ್ಜ ಅಜ್ಜಿಯರು ತಮ್ಮ ಹಿರಿಯರಿಂದ ಕೇಳಿ ನಮಗೆ ಹೇಳಿರುವರು. ಅದು ಪ್ಲೇಗಿನ ಕಾಲ. ಕಂಕುಳಲ್ಲಿಯೂ ತೊಡೆಯ ಸಂದಿನಲ್ಲಿಯೂ ಗಡ್ಡೆ ಎದ್ದು, ಜ್ವರವು ತಲೆಗೇರಿ, ಕೆಲವೇ ದಿನಗಳೊಳಗೆ ಗಟ್ಟಿಮುಟ್ಟಾದ ಮನುಷ್ಯನೂ ತೀರಿಹೋಗುತ್ತಿದ್ದನು. ಆ ಮಾರಿಯನ್ನು ದೇಶದಿಂದ ಓಡಿಸುವ ಉಪಾಯವು ಆಗ ಯಾರಿಗೂ ತಿಳಿದಿರಲಿಲ್ಲ. ಆದರೆ ಓಡಿಸಲಾಗದ ಕೇಡನ್ನು ಕುಗ್ಗಿಸಲಾದರೂ ಬಹುದೆಂದು ತೋರಿಸಿಕೊಟ್ಟವನೊಬ್ಬನಿದ್ದನು. ಆತನ ಹೆಸರು ವಾಲ್ಡೆಮಾರ್ ಹಾಫ್ಕಿನ್. ಆತನು ತನ್ನ ಮಾತನ್ನು ವಾಗ್ವಾದದಿಂದ ಸ್ಥಾಪಿಸಲಿಲ್ಲ, ಎಣಿಕೆಯಿಂದ ಸ್ಥಾಪಿಸಿದನು. ಆ ಎಣಿಕೆಯನ್ನು ಕಂಡು ಸರಕಾರದವರು ಹೇಗೆ ಒಪ್ಪಿದರು, ಒಪ್ಪಿದ ಮೇಲೆ ಒಂದೇ ಒಂದು ಹಳ್ಳಿಯಲ್ಲಿ ನಡೆದ ದುರ್ಘಟನೆಯಿಂದ ಆತನನ್ನು ಹೇಗೆ ತಳ್ಳಿಬಿಟ್ಟರು, ಕೊನೆಗೆ ಸತ್ಯವು ಹೇಗೆ ಹೊರಬಿದ್ದಿತು ಎಂಬದನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

1. ಜನನವೂ ವಿದ್ಯಾಭ್ಯಾಸವೂ

ಹಾಫ್ಕಿನನು 1860ನೆಯ ಇಸವಿ ಮಾರ್ಚ್ 15ರಂದು ಕಪ್ಪು ಸಮುದ್ರದ ತೀರದಲ್ಲಿರುವ ಒಡೆಸ್ಸಾ ಪಟ್ಟಣದಲ್ಲಿ ಒಂದು ಯೆಹೂದ್ಯ ಕುಟುಂಬದಲ್ಲಿ ಹುಟ್ಟಿದನು. ಆ ಪಟ್ಟಣವು ಆಗ ರುಷ್ಯಾದ ಚಕ್ರವರ್ತಿಯ ಆಳಿಕೆಗೆ ಒಳಪಟ್ಟಿತ್ತು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಆತನು ಜೀವಶಾಸ್ತ್ರವನ್ನು ಕಲಿತನು. ಶರೀರದೊಳಗಣ ಕಣಗಳು ರೋಗಾಣುಗಳನ್ನು ನುಂಗಿ ನಾಶಮಾಡುತ್ತವೆಂದು ಕಂಡುಹಿಡಿದು ಲೋಕಪ್ರಸಿದ್ಧನಾದ ಮೆಚ್ನಿಕಾಫನು ಆತನ ಗುರುವಾಗಿದ್ದನು.

ಆ ದೇಶದಲ್ಲಿ ಯೆಹೂದ್ಯರು ಬಹಳ ಹಿಂಸೆಯನ್ನು ಅನುಭವಿಸುತ್ತಿದ್ದರು. ಗಲಭೆಕಾರರು ಅವರ ಮನೆಗಳ ಮೇಲೆ ಬಿದ್ದು ಸೂರೆಮಾಡುತ್ತಿದ್ದಾಗ ಹಾಫ್ಕಿನನು ತನ್ನ ಜನರ ರಕ್ಷಣೆಗಾಗಿ ಕೂಡಿದ ಯೌವನಸ್ಥರ ಗುಂಪಿನಲ್ಲಿ ಸೇರಿ, ಗಾಯಗೊಂಡು, ಸೆರೆಗೂ ಸಿಕ್ಕಿದನು. ಗುರುವಿನ ಸಹಾಯದಿಂದ ಬಿಡುಗಡೆಯಾಯಿತು. ಮುಂದೆ ವಿದ್ಯಾಶಾಲೆಯಲ್ಲಿ ಆತನಿಗೆ ಮೇಲಿನ ಹುದ್ದೆಯು ದೊರೆಯಬೇಕಾದರೆ ರುಷ್ಯಾದ ರಾಜಮತಕ್ಕೆ ಸೇರಬೇಕೆಂಬ ನಿಬಂಧನೆಯು ಬಂದಿತು. ಹುದ್ದೆಯ ಲಾಭಕ್ಕಾಗಿ ಮನಸ್ಸಾಕ್ಷಿಯನ್ನು ಮಾರಲು ಆತನು ಒಪ್ಪಲಿಲ್ಲ. ನಂಬಿಕೆಯೆಂಬದು ಸಂಬಳದ ಆಶೆಯಿಂದ ಹುಟ್ಟತಕ್ಕದ್ದಲ್ಲವೆಂಬದನ್ನು ಬಲ್ಲ ನಮ್ಮ ವಾಚಕರು ಈ ನಿಲುವನ್ನು ಗೌರವಿಸದೆ ಇರಲಾರರು.

1888ರಲ್ಲಿ ಆತನು ಸ್ವದೇಶವನ್ನು ಬಿಟ್ಟು ಸ್ವಿಟ್ಜರ್ಲೆಂಡಿನ ಜಿನೀವಾ ನಗರಕ್ಕೆ ಹೋದನು. ಮರುವರ್ಷ ಪ್ಯಾರಿಸಿನಲ್ಲಿ ಪಾಶ್ಚರನ ಹೆಸರಿನ ಸಂಸ್ಥೆಯನ್ನು ಸೇರಿದನು. ಆರಂಭದಲ್ಲಿ ಆತನಿಗೆ ಸಿಕ್ಕಿದ್ದು ಪುಸ್ತಕಭಂಡಾರದ ಸಹಾಯಕನ ಕೆಲಸ. ಉಳಿದ ವೇಳೆಯನ್ನೆಲ್ಲಾ ಆತನು ಶೋಧನೆಯಲ್ಲಿ ಕಳೆದನು.

2. ವಾಂತಿಭೇದಿಯ ಚುಚ್ಚುಮದ್ದು

ಆ ಕಾಲದಲ್ಲಿ ವಾಂತಿಭೇದಿಯು ದೇಶದಿಂದ ದೇಶಕ್ಕೆ ಹರಡಿ ಲಕ್ಷಾಂತರ ಜನರನ್ನು ಕೊಲ್ಲುತ್ತಿತ್ತು. ಅದರ ರೋಗಾಣುವನ್ನು ಶಕ್ತಿಗುಂದಿಸಿ ಮನುಷ್ಯನ ಶರೀರದೊಳಕ್ಕೆ ಸೂಜಿಯಿಂದ ಸೇರಿಸಿದರೆ, ಶರೀರವು ಮುಂದಾಗಿಯೇ ಯುದ್ಧಕ್ಕೆ ಸನ್ನದ್ಧವಾಗುವದೆಂದು ಹಾಫ್ಕಿನನು ಎಣಿಸಿದನು. ಪ್ರಾಣಿಗಳಲ್ಲಿ ಇದನ್ನು ಶೋಧಿಸಿ ತೃಪ್ತಿಗೊಂಡ ಬಳಿಕ 1892ನೆಯ ಇಸವಿ ಜುಲೈ 18ರಂದು ಆ ಮದ್ದನ್ನು ಮೊದಲು ತನ್ನ ದೇಹಕ್ಕೇ ಚುಚ್ಚಿಕೊಂಡನು. ಜ್ವರ ಬಂದಿತು, ಇಳಿಯಿತು. ಬೇರೆ ಕೇಡೇನೂ ಆಗಲಿಲ್ಲ. ಪರರ ಮೇಲೆ ಹೊರಿಸುವ ಭಾರವನ್ನು ತಾನು ಮೊದಲು ಹೊತ್ತು ನೋಡುವದು ಆತನ ಕ್ರಮವಾಗಿತ್ತು.

ಆದರೆ ಮದ್ದು ನಿರಪಾಯವೆಂದು ತೋರಿಸುವದು ಒಂದು; ಅದು ರೋಗವನ್ನು ತಡೆಯುತ್ತದೆಂದು ತೋರಿಸುವದು ಇನ್ನೊಂದು. ಎರಡನೆಯದಕ್ಕೆ ರೋಗವು ಮೇಲಿಂದ ಮೇಲೆ ಬರುವ ದೇಶವೇ ಬೇಕು. ಆಗ ಪ್ಯಾರಿಸಿನಲ್ಲಿ ಇಂಗ್ಲೆಂಡಿನ ರಾಯಭಾರಿಯಾಗಿದ್ದ ಲಾರ್ಡ್ ಡಫ್ರಿನನು ಮೊದಲು ಹಿಂದುಸ್ಥಾನದ ವೈಸರಾಯನಾಗಿದ್ದವನು. ಆತನ ನೆರವಿನಿಂದ ಹಾಫ್ಕಿನನಿಗೆ ನಮ್ಮ ದೇಶಕ್ಕೆ ಬರಲು ಅಪ್ಪಣೆ ದೊರಕಿತು. 1893ರ ಮಾರ್ಚ್ ತಿಂಗಳಲ್ಲಿ ಆತನು ಕಲ್ಕತ್ತೆಗೆ ಬಂದು ಇಳಿದನು.

ಮೊದಲನೆಯ ವರ್ಷ ಆತನು ಆಗ್ರಾ ಮೊದಲಾದ ಉತ್ತರದ ಸೀಮೆಗಳಲ್ಲಿ ಸಂಚರಿಸಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಚುಚ್ಚುಮದ್ದು ಹಾಕಿದನು. ಆದರೂ ಆತನ ಕೈಯಲ್ಲಿ ಗಟ್ಟಿಯಾದ ಪ್ರಮಾಣವೇನೂ ಉಳಿಯಲಿಲ್ಲ. ಯಾಕಂದರೆ ಆತನು ಮದ್ದು ಹಾಕಿದ ಊರುಗಳಿಗೆಲ್ಲಾ ಆ ವರ್ಷ ರೋಗವು ಬರಲಿಲ್ಲ. ರೋಗವೇ ಬಾರದ ಊರಿನಲ್ಲಿ ಜನರು ಬದುಕಿ ಉಳಿದರೆ ಅದನ್ನು ಮದ್ದಿನ ಗುಣವೆಂದು ಹೇಗೆ ಹೇಳುವದು? ಇಪ್ಪತ್ತು ಸಾವಿರವೆಂಬ ದೊಡ್ಡ ಸಂಖ್ಯೆಯು ಕೇಳುವದಕ್ಕೆ ಚೆನ್ನಾಗಿದ್ದರೂ ಅದರಿಂದ ಏನೂ ಸ್ಥಿರಪಡುವದಿಲ್ಲವೆಂದು ಆತನು ಅರಿತುಕೊಂಡನು.

3. ಒಂದು ಕೇರಿಯ ಲೆಕ್ಕ

1894ರ ಮಾರ್ಚ್‌ನಲ್ಲಿ ಕಲ್ಕತ್ತೆಯ ಆರೋಗ್ಯಾಧಿಕಾರಿಯಾದ ಸಿಂಪ್ಸನನು ಆತನನ್ನು ಆ ನಗರದ ಕೇರಿಗಳಿಗೆ ಕರೆದನು. ಕಟ್ಟಾಲ್ ಬಗಾನ್ ಎಂಬ ಬಡವರ ಕೇರಿಯಲ್ಲಿ ವಾಂತಿಭೇದಿಯು ಕಾಣಿಸಿಕೊಂಡಿತ್ತು. ಅಲ್ಲಿ ಸುಮಾರು 200 ಮಂದಿ ಒಂದೇ ಕೆರೆಯ ನೀರನ್ನು ಬಳಸಿಕೊಂಡು ಒತ್ತೊತ್ತಾದ ಗುಡಿಸಲುಗಳಲ್ಲಿ ವಾಸಿಸುತ್ತಿದ್ದರು. ಅವರಲ್ಲಿ 116 ಮಂದಿ ಮದ್ದು ಹಾಕಿಸಿಕೊಳ್ಳಲು ಒಪ್ಪಿದರು, ಮಿಕ್ಕವರು ಒಪ್ಪಲಿಲ್ಲ. ಆಮೇಲೆ ಆ ಕೇರಿಯಲ್ಲಿ ಹತ್ತು ಮಂದಿಗೆ ಬೇನೆ ತಗಲಿತು. ಅವರಲ್ಲಿ ಏಳು ಮಂದಿ ಸತ್ತರು. ಆ ಹತ್ತು ಮಂದಿಯೂ ಮದ್ದು ಹಾಕಿಸಿಕೊಳ್ಳದವರ ಗುಂಪಿನವರೇ ಆಗಿದ್ದರು. ನೀರು ಒಂದೇ, ಗಾಳಿ ಒಂದೇ, ಬಡತನವೂ ಒಂದೇ. ಆದರೆ ಫಲ ಮಾತ್ರ ಎರಡು.

ಈ ಒಂದು ಕೇರಿಯ ಚಿಕ್ಕ ಲೆಕ್ಕವು ಹಿಂದಿನ ವರ್ಷದ ಇಪ್ಪತ್ತು ಸಾವಿರಕ್ಕಿಂತಲೂ ಹೆಚ್ಚಾಗಿ ಮಾತನಾಡಿತು. ಕಲ್ಕತ್ತೆಯ ಪುರಸಭೆಯವರು ಇದನ್ನು ಕಂಡು ಕೆಲಸವು ಮುಂದುವರಿಯಲೆಂದು ಹಣವನ್ನು ಮಂಜೂರುಮಾಡಿದರು. ಬಳಿಕ ಆತನನ್ನು ಅಸ್ಸಾಮಿನ ಚಹಾ ತೋಟಗಳಿಗೆ ಕರೆದರು. ದೂರದ ಸೀಮೆಗಳಿಂದ ಬಂದು ಅಲ್ಲಿ ಕೂಲಿಮಾಡುತ್ತಿದ್ದವರಿಗೆ ಆತನು ಮದ್ದು ಹಾಕಿದನು.

ಇಲ್ಲಿ ಒಂದು ಮಾತನ್ನು ಮರೆಯತಕ್ಕದ್ದಲ್ಲ. ಆತನ ಲೆಕ್ಕಗಳೆಲ್ಲಾ ಆತನಿಗೆ ಅನುಕೂಲವಾಗಿಯೇ ಬರಲಿಲ್ಲ. ಲಕ್ನೋದಲ್ಲಿದ್ದ ಒಂದು ಇಂಗ್ಲಿಷ್ ದಂಡಿನಲ್ಲಿ ಮದ್ದು ಹಾಕಿಸಿಕೊಂಡ ಸಿಪಾಯಿಗಳೂ 1894ರಲ್ಲಿ ವಾಂತಿಭೇದಿಯಿಂದ ಸತ್ತರು. ಗಯಾ ಪಟ್ಟಣದ ಸೆರೆಮನೆಯಲ್ಲಿ ಮದ್ದು ಹಾಕಿದ ಮೊದಲನೆಯ ಕೆಲವು ದಿನಗಳಲ್ಲಿ ರಕ್ಷಣೆಯು ಕಾಣಲಿಲ್ಲ. ಇವನ್ನು ಆತನು ಮುಚ್ಚಿಡದೆ ಒಳ್ಳೆಯ ಫಲಗಳ ಪಕ್ಕದಲ್ಲಿಯೇ ಅಚ್ಚುಹಾಕಿಸಿದನು. ಅವುಗಳಿಂದಲೇ ಮದ್ದಿನ ಬಲವು ಕಾಲಕ್ರಮದಲ್ಲಿ ಕುಂದುತ್ತದೆಂದೂ, ಅದು ಹಾಕಿದ ಕೂಡಲೇ ಕೆಲಸಮಾಡುವದಿಲ್ಲವೆಂದೂ, ಅಳತೆಯು ಕಡಿಮೆಯಾದರೆ ಸಾಲದೆಂದೂ ತಿಳಿದುಬಂದಿತು. ತನಗೆ ವಿರೋಧವಾದ ಲೆಕ್ಕವನ್ನೂ ಮುಂದಿಡುವವನ ಅನುಕೂಲವಾದ ಲೆಕ್ಕವನ್ನು ಜನರು ನಂಬುತ್ತಾರೆ.

4. ಮುಂಬಯಿಯ ಪ್ಲೇಗು

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಜನರು ಸಾವಿರ ಸಾವಿರವಾಗಿ ಪಟ್ಟಣವನ್ನು ಬಿಟ್ಟು ಓಡಿದರು. ಓಡಿದವರ ಸಂಗಡ ಬೇನೆಯೂ ಊರೂರಿಗೆ ಹೋಯಿತು. ಸರಕಾರದವರು ಹಾಫ್ಕಿನನನ್ನು ಕಲ್ಕತ್ತೆಯಿಂದ ಕರೆಸಿದರು. ಅಕ್ಟೋಬರಿನಲ್ಲಿ ಆತನು ಬಂದಾಗ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೋಣೆಯೂ ಒಂದು ಪಡಸಾಲೆಯೂ, ಒಬ್ಬ ಗುಮಾಸ್ತನೂ ಮೂವರು ಜವಾನರೂ ಆತನಿಗೆ ದೊರೆತರು. ಇಷ್ಟೇ ಸಾಮಗ್ರಿಯಿಂದ ಆತನು ಹಗಲಿರುಳು ದುಡಿದನು.

ಮದ್ದನ್ನು ಮಾಡುವ ಬಗೆಯು ಹೀಗಿತ್ತು. ಹಸುವಿನ ಮಾಂಸದ ಸಾರು ಹಿಂದುಗಳಿಗೂ ಹಂದಿಯ ಮಾಂಸದ ಸಾರು ಮುಸಲ್ಮಾನರಿಗೂ ಹೇಸಿಗೆಯಾದದರಿಂದ ಆತನು ಆಡಿನ ಮಾಂಸದ ಸಾರನ್ನು ಉಪಯೋಗಿಸಿದನು. ಅದನ್ನು ಗಾಜಿನ ಪಾತ್ರೆಗಳಲ್ಲಿ ತುಂಬಿ ಮೇಲೆ ಸ್ವಲ್ಪ ತುಪ್ಪವನ್ನು ತೇಲಬಿಡುತ್ತಿದ್ದನು. ಪ್ಲೇಗಿನ ರೋಗಾಣುಗಳು ಆ ತುಪ್ಪವನ್ನು ಹಿಡಿದುಕೊಂಡು ಬಿಳಲುಗಳ ಹಾಗೆ ಕೆಳಕ್ಕೆ ಇಳಿಬಿದ್ದು ಬೆಳೆಯುತ್ತಿದ್ದವು. ಕೆಲವು ವಾರಗಳು ಬೆಳೆದ ಮೇಲೆ ಪಾತ್ರೆಯನ್ನು ಕಾಯಿಸಿ ಅವುಗಳನ್ನೆಲ್ಲಾ ಕೊಂದು, ಕೆಡದಂತೆ ಕಾರ್ಬಾಲಿಕ್ ಆಮ್ಲವನ್ನು ಸೇರಿಸಿ ಸೀಸೆಗಳಲ್ಲಿ ಮುಚ್ಚುತ್ತಿದ್ದನು. ಸತ್ತ ರೋಗಾಣುಗಳಿಂದ ಪ್ಲೇಗು ಹುಟ್ಟುವ ಭಯವಿರಲಿಲ್ಲ. ತೋಳು ಬಾತು, ಒಂದೆರಡು ದಿನ ಜ್ವರ ಬರುತ್ತಿತ್ತು.

1897ನೆಯ ಇಸವಿ ಜನವರಿ 10ರಂದು ಆತನು ಇತರರಿಗೆ ಕೊಡಬೇಕೆಂದಿದ್ದದಕ್ಕಿಂತ ಎಷ್ಟೋ ಹೆಚ್ಚಾದ ಅಳತೆಯನ್ನು ತಾನೇ ಚುಚ್ಚಿಕೊಂಡನು. ಆ ತಿಂಗಳ ಕೊನೆಗೆ ಮುಂಬಯಿಯ ಬೈಕಲಾ ಸೆರೆಮನೆಯೊಳಗೆ ಪ್ಲೇಗು ನುಗ್ಗಿತು. ಸೆರೆಯವರಲ್ಲಿ ಮನಸ್ಸುಳ್ಳವರು ಮುಂದೆ ಬರಲೆಂದು ಕೇಳಲಾಯಿತು. ಮದ್ದು ಹಾಕಿಸಿಕೊಂಡವರಲ್ಲಿ 147 ಮಂದಿಯೂ, ಹಾಕಿಸಿಕೊಳ್ಳದವರಲ್ಲಿ 172 ಮಂದಿಯೂ ಲೆಕ್ಕಕ್ಕೆ ಸೇರಿದರು. ಮುಂದಿನ ದಿನಗಳಲ್ಲಿ ಹಾಕಿಸಿಕೊಳ್ಳದವರಲ್ಲಿ 12 ಮಂದಿಗೆ ಪ್ಲೇಗು ಬಂದು 6 ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಮಾತ್ರ ಬಂದಿತು; ಅವರಿಬ್ಬರೂ ಬದುಕಿದರು.

ಮದ್ದು ಹಾಕಿಸಿಕೊಳ್ಳುವವರು ಶುಚಿಯಾದವರೂ ಅನುಕೂಲಸ್ಥರೂ ಆಗಿರಬಹುದು, ಆದಕಾರಣ ಅವರು ಹೇಗೂ ಬದುಕುತ್ತಿದ್ದರೆಂದು ಆಕ್ಷೇಪಿಸುವವರು ಆಗಲೂ ಇದ್ದರು. ಈ ಆಕ್ಷೇಪವು ನ್ಯಾಯವಾದದ್ದೇ. ಸೆರೆಮನೆಯ ಲೆಕ್ಕದಲ್ಲಿ ಇದಕ್ಕೆ ತಕ್ಕ ಉತ್ತರವಿತ್ತು. ಅಲ್ಲಿ ಎಲ್ಲರೂ ಒಂದೇ ಅನ್ನವನ್ನು ಉಂಡು, ಒಂದೇ ನೆಲದ ಮೇಲೆ ಮಲಗಿ, ಒಂದೇ ಹೊತ್ತಿಗೆ ಎದ್ದು ದುಡಿಯುವವರು.

5. ಬಲವಂತವೋ ಒಪ್ಪಿಗೆಯೋ

ಇದೇ ವರ್ಷದಲ್ಲಿ ಸರಕಾರವು ಇನ್ನೊಂದು ದಾರಿಯನ್ನೂ ಹಿಡಿದಿತ್ತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯು ಜಾರಿಯಾಯಿತು. ಪುಣೆಯಲ್ಲಿ ಸಿಪಾಯಿಗಳು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು; ಬೇನೆ ಹತ್ತಿದವರನ್ನು ಆಸ್ಪತ್ರೆಗೂ ಅವರ ಮನೆಯವರನ್ನು ಬೇರೆ ಬಿಡಾರಗಳಿಗೂ ಒಯ್ದರು; ಸಾಮಾನುಗಳನ್ನು ಸುಟ್ಟರು. ಜನರು ಪ್ಲೇಗಿಗಿಂತಲೂ ಸಿಪಾಯಿಗಳಿಗೆ ಹೆಚ್ಚು ಅಂಜಿ, ರೋಗಿಗಳನ್ನು ಅಡಗಿಸಿಡತೊಡಗಿದರು. ಅಡಗಿದ ರೋಗವು ಇನ್ನಷ್ಟು ಹಬ್ಬಿತು. ಜೂನ್ 22ರಂದು ಅಲ್ಲಿಯ ಪ್ಲೇಗು ಅಧಿಕಾರಿಯಾದ ರ್‍ಯಾಂಡನಿಗೆ ಗುಂಡು ಹೊಡೆದರು. ಕೆಲವು ದಿನಗಳ ಮೇಲೆ ಅವನು ಸತ್ತನು. ಭಯದಿಂದ ಹುಟ್ಟಿದ ಆಜ್ಞೆಯು ಕೊಲೆಯಲ್ಲಿ ಮುಗಿಯಿತು.

ಚುಚ್ಚುಮದ್ದಿನ ದಾರಿಯು ಬೇರೆಯಾಗಿತ್ತು. ಅದು ಜನರ ಒಪ್ಪಿಗೆಯ ಮೇಲೆ ನಿಂತದ್ದು. ಒಪ್ಪಿಗೆಯನ್ನು ಪಡೆಯುವದು ಸುಲಭವಾಗಿರಲಿಲ್ಲ. ಸೂಜಿಯ ವಿಷಯದಲ್ಲಿ ನಾನಾ ವಿಧವಾದ ಸುಳ್ಳು ಸುದ್ದಿಗಳು ಹಬ್ಬಿದ್ದವು. ಇಂಥಾ ಹೊತ್ತಿನಲ್ಲಿ ಖೋಜಾ ಮುಸಲ್ಮಾನರ ಮುಖ್ಯಸ್ಥನಾದ ಆಗಾಖಾನನು ತನ್ನ ಜನರ ಎದುರಿನಲ್ಲಿ ತಾನೇ ಸೂಜಿ ಹಾಕಿಸಿಕೊಂಡನು. ಅದನ್ನು ನೋಡಿ ಅವನ ಮಂಡಲಿಯವರಲ್ಲಿ ಸಾವಿರಾರು ಮಂದಿ ಮುಂದೆ ಬಂದರು. ಶೋಧನಾಲಯಕ್ಕೆ ಅವನು ತನ್ನದೊಂದು ಕಟ್ಟಡವನ್ನೂ ಬಿಟ್ಟುಕೊಟ್ಟನು.

6. ಉಂಢೇರಾ ಎಂಬ ಹಳ್ಳಿ

ಸೆರೆಮನೆಯ ಲೆಕ್ಕವು ಹಳ್ಳಿಗೆ ಹೊಂದುವದೋ ಎಂಬ ಪ್ರಶ್ನೆಯು ಉಳಿದಿತ್ತು. ಸೆರೆಯಲ್ಲಿ ಎಣಿಸುವದು ಸುಲಭ. ಹಳ್ಳಿಯಲ್ಲಿ ಜನರು ಬರುತ್ತಾರೆ, ಹೋಗುತ್ತಾರೆ, ಸತ್ತವರನ್ನು ಬರೆದಿಡುವವರಿಲ್ಲ. ಗಾಯಕವಾಡ ಮಹಾರಾಜನ ಸೀಮೆಯಲ್ಲಿ, ಬರೋಡಾ ನಗರದ ಹತ್ತಿರ, ಉಂಢೇರಾ ಎಂಬ ಸುಮಾರು ಸಾವಿರ ಜನರ ಹಳ್ಳಿಯಿದೆ. ಅಲ್ಲಿಗೆ ಪ್ಲೇಗು ಬಂದಿತ್ತು. 1898ರ ಫೆಬ್ರವರಿಯಲ್ಲಿ ಹಾಫ್ಕಿನನು ಅಲ್ಲಿಯ ಅಧಿಕಾರಿಗಳೊಡನೆ ಹೋಗಿ, ಊರಿನವರನ್ನು ಮನೆಮನೆಯಾಗಿ ಕೂಡಿಸಿ, ಪ್ರತಿಯೊಂದು ಕುಟುಂಬದಲ್ಲಿ ಸುಮಾರು ಅರ್ಧ ಮಂದಿಗೆ ಮದ್ದು ಹಾಕಿದನು. ಅಣ್ಣನಿಗೆ ಹಾಕಿದರೆ ತಮ್ಮನನ್ನು ಬಿಡುವದು, ತಂದೆಗೆ ಹಾಕಿದರೆ ತಾಯಿಯನ್ನು ಬಿಡುವದು, ಹೀಗೆ ಒಂದೇ ಒಲೆಯ ಅನ್ನ ಉಣ್ಣುವವರಲ್ಲಿಯೇ ಎರಡು ಪಾಲುಗಳಾದವು.

ಏಪ್ರಿಲಿನಲ್ಲಿ ಮನೆಮನೆಗೂ ಹೋಗಿ ವಿಚಾರಿಸಲಾಯಿತು. ಆ ಊರಿನ 28 ಮನೆಗಳಿಗೆ ಪ್ಲೇಗು ಹೊಕ್ಕಿತ್ತು. ಆ ಮನೆಗಳಲ್ಲಿ ಮದ್ದು ಹಾಕಿಸಿಕೊಂಡವರು 71 ಮಂದಿ. ಅವರಲ್ಲಿ 8 ಮಂದಿಗೆ ಬೇನೆಯಾಗಿ 3 ಮಂದಿ ಸತ್ತರು. ಹಾಕಿಸಿಕೊಳ್ಳದವರು 64 ಮಂದಿ. ಅವರಲ್ಲಿ 27 ಮಂದಿಗೆ ಬೇನೆಯಾಗಿ 26 ಮಂದಿ ಸತ್ತರು. ಮೊದಲನೆಯ ಪಾಲಿನಲ್ಲಿ ನೂರಕ್ಕೆ ನಾಲ್ಕರಷ್ಟು ಸಾವು. ಎರಡನೆಯದರಲ್ಲಿ ನೂರಕ್ಕೆ ನಲವತ್ತರಷ್ಟು.

ವಾಚಕರೇ, ಈ ಅಂಕೆಗಳನ್ನು ಓದಿ ಸುಮ್ಮನೆ ಮುಂದಕ್ಕೆ ಹೋಗಬೇಡಿರಿ. ಆ 26 ಎಂಬದು ಕಾಗದದ ಮೇಲಿನ ಗುರುತಲ್ಲ. ಅದು ಇಪ್ಪತ್ತಾರು ಚಿತೆಗಳ ಲೆಕ್ಕ. ಮದ್ದಿನ ಬಲವು ಆ ತನಕ ಸಂದೇಹಕ್ಕೆ ಒಳಪಟ್ಟಿದ್ದರಿಂದ ಅರ್ಧ ಜನರನ್ನು ಬಿಟ್ಟದ್ದು ಅನ್ಯಾಯವೆಂದು ಆಗ ಯಾರಿಗೂ ತೋರಲಿಲ್ಲ. ಮದ್ದು ಕೇಡುಮಾಡಿದ್ದರೆ ಬಿಟ್ಟವರೇ ಭಾಗ್ಯವಂತರಾಗುತ್ತಿದ್ದರು. ಆದರೆ ಫಲವು ತಿಳಿದ ಮೇಲೆ ಆ ಮನೆಗಳ ತಾಯಂದಿರು ತಮ್ಮ ಮಕ್ಕಳಲ್ಲಿ ಬದುಕಿದವನನ್ನೂ ಸತ್ತವನನ್ನೂ ನೆನಸಿ ಏನೆಂದುಕೊಂಡಿರಬಹುದು! ಇಂದು ನಾವು ಯಾವದಾದರೊಂದು ಮದ್ದನ್ನು ನಂಬಿ ತೋಳನ್ನು ಚಾಚುವಾಗ, ಆ ನಂಬಿಕೆಯ ಬೆಲೆಯನ್ನು ಉಂಢೇರಾದಂಥ ಊರುಗಳು ಮುಂಚೆಯೇ ತೆತ್ತಿವೆಯೆಂಬದನ್ನು ನೆನಸತಕ್ಕದ್ದು.

7. ನಮ್ಮ ಸೀಮೆಯಲ್ಲಿ

ಅದೇ 1898ರಲ್ಲಿ ಮಾರಿಯು ನಮ್ಮ ಕನ್ನಡ ಸೀಮೆಯನ್ನು ಕಠಿಣವಾಗಿ ಹಿಡಿಯಿತು. ಹುಬ್ಬಳ್ಳಿ, ಧಾರವಾಡ, ಗದಗ ಪಟ್ಟಣಗಳಲ್ಲಿ ಜನರು ಗುಂಪುಗುಂಪಾಗಿ ಸತ್ತರು. ರೈಲುದಾರಿಯನ್ನು ಹಿಡಿದು ಅದು ಆಗಸ್ಟಿನಲ್ಲಿ ಬೆಂಗಳೂರಿಗೂ ಮುಟ್ಟಿತು. ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ಸರಕಾರಿ ವೈದ್ಯನು ಹಾಫ್ಕಿನನ ಮದ್ದನ್ನು ತರಿಸಿ, ಮೇ ತಿಂಗಳಿಂದ ಸೆಪ್ಟೆಂಬರಿನ ವರೆಗೆ ಮೂವತ್ತು ಸಾವಿರಕ್ಕೂ ಮಿಕ್ಕಿದ ಜನರಿಗೆ ಹಾಕಿದನು. ಆತನು ವಾರವಾರವೂ ಹಾಕಿಸಿಕೊಂಡವರೆಷ್ಟು, ಹಾಕಿಸಿಕೊಳ್ಳದವರೆಷ್ಟು, ಎರಡೂ ಪಾಲಿನಲ್ಲಿ ಸತ್ತವರೆಷ್ಟು ಎಂದು ಪಟ್ಟಿಮಾಡುತ್ತಾ ಬಂದನು. ವಾರಗಳು ಕಳೆದಂತೆ ಹಾಕಿಸಿಕೊಳ್ಳದವರ ಸಂಖ್ಯೆ ಇಳಿಯಿತು. ಸಾವು ಮಾತ್ರ ಬಹುವಾಗಿ ಅವರೊಳಗೇ ನಡೆಯಿತು. ಹುಬ್ಬಳ್ಳಿಯ ಈ ಪಟ್ಟಿಯು ಇಂಗ್ಲೆಂಡಿನ ವಿದ್ವಾಂಸರ ಮೇಜಿನ ತನಕ ಹೋಯಿತು. ಅಲ್ಲಿಯ ಬೀದಿಗಳಲ್ಲಿ ತೋಳನ್ನು ಚಾಚಿದ ನೇಕಾರನೂ ಕೂಲಿಯವನೂ ತಮಗೆ ತಿಳಿಯದೆಯೇ ದೇಶಕ್ಕೆಲ್ಲಾ ಸಾಕ್ಷಿಗಳಾದರು.

8. ಆಯೋಗದ ತೀರ್ಪು

ಅಭಿಪ್ರಾಯಗಳು ಒಂದಾಗಿರಲಿಲ್ಲವಾದ ಕಾರಣ ಸರಕಾರವು 1898ರಲ್ಲಿ ಪ್ಲೇಗು ಆಯೋಗವನ್ನು ನೇಮಿಸಿತು. ಎಡಿನ್‌ಬರೋ ನಗರದ ಪ್ರೊಫೆಸರ್ ಫ್ರೇಸರನು ಅದರ ಅಧ್ಯಕ್ಷನಾಗಿದ್ದನು. ಆಯೋಗದವರು ಹಾಫ್ಕಿನನ ಲೆಕ್ಕಗಳನ್ನು ಕಣ್ಣುಮುಚ್ಚಿ ನಂಬಲಿಲ್ಲ. ಕೆಲವು ಊರುಗಳಲ್ಲಿ ಜನಸಂಖ್ಯೆಯನ್ನು ಸರಿಯಾಗಿ ಎಣಿಸಿಲ್ಲವೆಂದೂ, ಮದ್ದಿನ ಬಲವು ಎಲ್ಲಾ ಸೀಸೆಗಳಲ್ಲಿ ಸಮವಾಗಿಲ್ಲವೆಂದೂ ಅವರು ತಪ್ಪು ತೋರಿಸಿದರು. ಇಷ್ಟೆಲ್ಲಾ ಜರಡಿಹಿಡಿದ ಮೇಲೆಯೂ ಕಾಳು ಉಳಿಯಿತು. ಚುಚ್ಚುಮದ್ದು ಪ್ಲೇಗು ಹತ್ತುವದನ್ನು ಕಡಿಮೆಮಾಡುತ್ತದೆ, ಹತ್ತಿದವರಲ್ಲಿಯೂ ಸಾವನ್ನು ಕಡಿಮೆಮಾಡುತ್ತದೆ. ಆದರೆ ಅದು ಪೂರ್ಣ ರಕ್ಷಣೆಯಲ್ಲ, ಮೊದಲನೆಯ ಕೆಲವು ದಿನಗಳಲ್ಲಿ ಅದರಿಂದ ಪ್ರಯೋಜನವಿಲ್ಲ. ತಕ್ಕ ಎಚ್ಚರಿಕೆಯಿಂದ ಅದನ್ನು ಪ್ರಚಾರಪಡಿಸತಕ್ಕದ್ದು ಎಂಬದು ಅವರ ತೀರ್ಪಾಗಿತ್ತು.

ಇದರ ಮಧ್ಯದಲ್ಲಿ, 1899ರ ಆಗಸ್ಟಿನಲ್ಲಿ, ಮುಂಬಯಿಯ ಪರೇಲದಲ್ಲಿದ್ದ ಹಳೆಯ ಗವರ್ನರನ ಬಂಗಲೆಯಲ್ಲಿ ಪ್ಲೇಗು ಶೋಧನಾಲಯವು ತೆರೆಯಲ್ಪಟ್ಟಿತು. ಹಾಫ್ಕಿನನೇ ಅದರ ಮುಖ್ಯಸ್ಥನಾದನು. ಒಂದು ಕೋಣೆಯಿಂದ ಆರಂಭವಾದ ಕೆಲಸವು ಮೂರು ವರ್ಷಗಳೊಳಗೆ ಅರಮನೆಯನ್ನು ಸೇರಿತು.

9. ಮಲ್ಕೋವಾಲ

1902ರಲ್ಲಿ ಪಂಜಾಬ್ ಪ್ರಾಂತದ ಸರಕಾರವು ಹಳ್ಳಿಹಳ್ಳಿಗೂ ಚುಚ್ಚುಮದ್ದನ್ನು ಒಯ್ಯುವ ದೊಡ್ಡ ಏರ್ಪಾಡನ್ನು ಮಾಡಿತು. ಮುಂಬಯಿಯಿಂದ ಲಕ್ಷಗಟ್ಟಲೆ ಮಂದಿಗೆ ಸಾಕಾಗುವ ಮದ್ದನ್ನು ಕೇಳಿದರು. ಆ ಚಳಿಗಾಲದಲ್ಲಿ ಸುಮಾರು ಐದು ಲಕ್ಷ ಜನರಿಗೆ ಹಾಕಲಾಯಿತು. ಅದರ ಆರಂಭದಲ್ಲಿಯೇ, ಅಕ್ಟೋಬರ್ 30ರಂದು, ಮಲ್ಕೋವಾಲ ಎಂಬ ಹಳ್ಳಿಯಲ್ಲಿ 107 ಮಂದಿಗೆ ಐದು ಸೀಸೆಗಳಿಂದ ಮದ್ದು ಹಾಕಿದರು. ಕೆಲವು ದಿನಗಳಲ್ಲಿ ಅವರಲ್ಲಿ 19 ಮಂದಿಗೆ ದವಡೆ ಕಚ್ಚಿಕೊಂಡು, ಮೈ ಬಿಲ್ಲಿನ ಹಾಗೆ ಸೆಟೆದು, ಧನುರ್ವಾತದಿಂದ ಎಲ್ಲರೂ ಸತ್ತರು. ಆ ಹತ್ತೊಂಬತ್ತು ಮಂದಿಗೂ ಹಾಕಿದ್ದು ಒಂದೇ ಸೀಸೆಯ ಮದ್ದು. ಮಿಕ್ಕ ನಾಲ್ಕು ಸೀಸೆಗಳಿಂದ ಹಾಕಿಸಿಕೊಂಡವರಿಗೆ ಏನೂ ಆಗಲಿಲ್ಲ.

ಪ್ಲೇಗಿನಿಂದ ಬದುಕಬೇಕೆಂದು ನಂಬಿ ಬಂದವರು ಮದ್ದಿನಿಂದಲೇ ಸತ್ತರೆಂಬ ಸುದ್ದಿಯು ಹಬ್ಬಿದೊಡನೆ ಜನರು ಹಿಂಜರಿದರು. ಸರಕಾರವು ವಿಚಾರಣೆಗೆ ಮೂವರನ್ನು ನೇಮಿಸಿತು. ಮುಂಬಯಿಯ ಮುಖ್ಯ ನ್ಯಾಯಾಧೀಶನು ಅವರ ಹಿರಿಯನು. ದೋಷವು ಮುಂಬಯಿಯ ಶೋಧನಾಲಯದಲ್ಲಿ ಸೀಸೆ ತುಂಬುವಾಗಲೇ ನಡೆದಿರಬೇಕೆಂದು ಅವರು ಎಣಿಸಿದರು. ಹೆಚ್ಚು ಮದ್ದನ್ನು ಬೇಗನೆ ಮಾಡುವದಕ್ಕಾಗಿ ಹಾಫ್ಕಿನನು ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು, ಕಾಯಿಸುವಿಕೆಯನ್ನೇ ನಂಬಿದ್ದನು; ಇದನ್ನು ದೊಡ್ಡ ತಪ್ಪೆಂದು ಅವರು ಎತ್ತಿಹಿಡಿದರು. ಪ್ಯಾರಿಸಿನಲ್ಲಿ ಇದೇ ಪದ್ಧತಿಯು ನಡೆಯುತ್ತಿದ್ದದ್ದನ್ನು ಅವರು ಲೆಕ್ಕಿಸಲಿಲ್ಲ. 1903ರಲ್ಲಿ ಹಾಫ್ಕಿನನನ್ನು ಕೆಲಸದಿಂದ ನಿಲ್ಲಿಸಿದರು. ಮರುವರ್ಷ ಆತನು ಲಂಡನಿಗೆ ಹೊರಟುಹೋದನು.

10. ಸತ್ಯವು ಹೊರಬಿದ್ದದ್ದು

ಆದರೆ ವಿಚಾರಣೆಯ ಕಾಗದಗಳೊಳಗೆ ಬೇರೊಂದು ಸಾಕ್ಷಿಯು ಅಡಗಿತ್ತು. ಮಲ್ಕೋವಾಲದಲ್ಲಿ ಆ ಸೀಸೆಯನ್ನು ತೆರೆಯುತ್ತಿದ್ದ ಸಹಾಯಕನ ಕೈಯಿಂದ ಚಿಮ್ಮಟವು ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸದೆ, ಔಷಧದ ನೀರಿನಲ್ಲಿ ಆಡಿಸಿ, ಅದರಿಂದಲೇ ಸೀಸೆಯ ಬಿರಡೆಯನ್ನು ತೆಗೆದಿದ್ದರು. ಧನುರ್ವಾತದ ರೋಗಾಣುವು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುವದೆಂಬದು ಎಲ್ಲಾ ವೈದ್ಯರಿಗೂ ತಿಳಿದದ್ದೇ. ಇದಲ್ಲದೆ, ಮುಂಬಯಿಯಲ್ಲಿ ತುಂಬಿದ ದಿನವೇ ಅದು ಸೀಸೆಯೊಳಗೆ ಸೇರಿದ್ದರೆ, ವಾರಗಟ್ಟಲೆ ಬೆಳೆದು ದುರ್ವಾಸನೆಯು ಹುಟ್ಟಬೇಕಾಗಿತ್ತು. ಸೀಸೆಯನ್ನು ತೆರೆದ ವೈದ್ಯನು ಅಂಥಾ ವಾಸನೆಯೇನೂ ಇರಲಿಲ್ಲವೆಂದು ಹೇಳಿದ್ದನು.

ಈ ಕಾಗದಗಳು 1906ರ ಕೊನೆಯಲ್ಲಿ ಪ್ರಕಟವಾದ ಮೇಲೆ ಇಂಗ್ಲೆಂಡಿನ ವಿದ್ವಾಂಸರು ಎಚ್ಚತ್ತರು. ಮಲೇರಿಯಾ ಜ್ವರವು ಸೊಳ್ಳೆಗಳಿಂದ ಹರಡುತ್ತದೆಂದು ನಮ್ಮ ದೇಶದಲ್ಲಿಯೇ ಕಂಡುಹಿಡಿದ ರೊನಾಲ್ಡ್ ರಾಸನು ಮುಂದಾಳಾಗಿ ಪತ್ರಿಕೆಗಳಲ್ಲಿ ಬರೆದನು. ಕಲ್ಕತ್ತೆಯಲ್ಲಿ ಹಾಫ್ಕಿನನಿಗೆ ಜೊತೆಯಾಗಿದ್ದ ಸಿಂಪ್ಸನನೂ ಸೇರಿ, 1907ರ ಜುಲೈಯಲ್ಲಿ ಹತ್ತು ಮಂದಿ ವಿಜ್ಞಾನಿಗಳು ರುಜುಹಾಕಿ, ಹಾಫ್ಕಿನನ ಶೋಧನಾಲಯದ ಮೇಲಿನ ಅಪವಾದಕ್ಕೆ ಆಧಾರವಿಲ್ಲವೆಂದು ಬಹಿರಂಗವಾಗಿ ಸಾರಿದರು. ಆ ವರ್ಷದ ಕೊನೆಗೆ ಸರಕಾರವು ಆತನನ್ನು ದೋಷಮುಕ್ತನೆಂದು ಒಪ್ಪಿಕೊಂಡು ಪುನಃ ಕೆಲಸಕ್ಕೆ ಕರೆಯಿತು.

ಲೆಕ್ಕದಿಂದ ಎದ್ದವನು ಲೆಕ್ಕವಿಲ್ಲದ ತೀರ್ಪಿನಿಂದ ಬಿದ್ದು, ಮತ್ತೆ ಸಾಕ್ಷಿಯಿಂದಲೇ ಎದ್ದನು. ಆದರೆ ನಷ್ಟವಾದ ವರ್ಷಗಳು ಹಿಂದಿರುಗಲಿಲ್ಲ. ಆ ಐದು ವರ್ಷಗಳಲ್ಲಿ ಪಂಜಾಬಿನಲ್ಲಿ ಪ್ಲೇಗು ಲಕ್ಷಾಂತರ ಜನರನ್ನು ಬಲಿತೆಗೆದುಕೊಂಡಿತು. ಮಲ್ಕೋವಾಲದ ಹತ್ತೊಂಬತ್ತು ಮಂದಿಯ ಮರಣವು ಘೋರವಾದದ್ದು. ಅದನ್ನು ಸಣ್ಣದೆಂದು ಹೇಳುವವನು ಮನುಷ್ಯನಲ್ಲ. ಆದರೂ ಕಾರಣವನ್ನು ಸರಿಯಾಗಿ ಹುಡುಕದೆ ಮದ್ದಿನ ಮೇಲೆಯೇ ಅವನಂಬಿಕೆಯನ್ನು ಹುಟ್ಟಿಸಿದ್ದರಿಂದ ಸತ್ತವರನ್ನು ಎಣಿಸಿದವರು ಯಾರು?

11. ಕೊನೆಯ ದಿನಗಳು

ಹಾಫ್ಕಿನನು ಕಲ್ಕತ್ತೆಗೆ ಬಂದನು. ಆದರೆ ಮುಂಬಯಿಯ ತನ್ನ ಶೋಧನಾಲಯವು ಆತನಿಗೆ ಮರಳಿ ದೊರೆಯಲಿಲ್ಲ. ಜನರ ಮೇಲೆ ಹೊಸ ಮದ್ದುಗಳನ್ನು ಶೋಧಿಸುವ ಅಪ್ಪಣೆಯೂ ಸಿಕ್ಕಲಿಲ್ಲ. ಕೆಲವು ವರ್ಷ ಮೌನವಾಗಿ ದುಡಿದು, 55 ವರ್ಷ ವಯಸ್ಸಿಗೆ ನಿವೃತ್ತನಾಗಿ ಯುರೋಪಿಗೆ ಹಿಂದಿರುಗಿದನು. ಆತನು ಮದುವೆಯಾಗಲಿಲ್ಲ. ಮುಪ್ಪಿನಲ್ಲಿ ತನ್ನ ಪಿತೃಗಳ ಧರ್ಮವನ್ನು ಬಹು ನಿಷ್ಠೆಯಿಂದ ಅನುಸರಿಸಿ, ಕೂಡಿಟ್ಟ ಹಣವನ್ನು ಯೆಹೂದ್ಯರ ವಿದ್ಯಾಶಾಲೆಗಳಿಗೆ ಧರ್ಮನಿಧಿಯಾಗಿ ಬಿಟ್ಟನು. 1930ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ತೀರಿಕೊಂಡನು.

ಅದಕ್ಕೆ ಐದು ವರ್ಷ ಮುಂಚೆ, 1925ರಲ್ಲಿ, ಪರೇಲದ ಶೋಧನಾಲಯಕ್ಕೆ ಆತನ ಹೆಸರನ್ನಿಟ್ಟರು. ಆ ತನಕ ಅಲ್ಲಿಂದ ಎರಡೂವರೆ ಕೋಟಿಗಿಂತಲೂ ಹೆಚ್ಚು ಮಂದಿಗೆ ಸಾಕಾಗುವಷ್ಟು ಪ್ಲೇಗಿನ ಮದ್ದು ಹೊರಟಿತ್ತು. ಹಾಫ್ಕಿನ್ ಸಂಸ್ಥೆಯು ಇಂದಿಗೂ ಅಲ್ಲಿಯೇ ಇದೆ. ಪ್ಲೇಗು ಇಲಿಗಳ ಮೈಮೇಲಿನ ಚಿಗಟಗಳಿಂದ ಹರಡುತ್ತದೆಂಬದು ಮುಂದೆ ಸ್ಥಿರಪಟ್ಟಿತು. ಬೇಗನೆ ಕೊಟ್ಟರೆ ಅದನ್ನು ಗುಣಪಡಿಸುವ ಆಂಟಿಬಯೋಟಿಕ್ ಔಷಧಗಳೂ ಬಂದಿವೆ. ಹಾಫ್ಕಿನನ ಕಾಲದವರಿಗೆ ಈ ಎರಡೂ ಇರಲಿಲ್ಲ. ಕೈಯಲ್ಲಿದ್ದಷ್ಟರಿಂದಲೇ ಕೇಡನ್ನು ಕುಗ್ಗಿಸುವದು ಅವರ ಪಾಲಿಗೆ ಬಂದಿತ್ತು.

ಈ ಚರಿತ್ರೆಯಿಂದ ಹಳ್ಳಿಗಳಲ್ಲಿರುವ ನಾವು ಕಲಿಯತಕ್ಕದ್ದೇನು? ನಮ್ಮ ಊರಿಗೆ ಒಂದು ಒಳ್ಳೆಯ ಏರ್ಪಾಡು ಬೇಕೆಂದು ಪಂಚಾಯಿತಿಗೋ ಸರಕಾರಕ್ಕೋ ಕೇಳಿಕೊಳ್ಳುವಾಗ ನಾವು ಬಹುವಾಗಿ ದುಃಖವನ್ನು ಹೇಳುತ್ತೇವೆ, ಲೆಕ್ಕವನ್ನು ಹೇಳುವದಿಲ್ಲ. ಎಷ್ಟು ಮನೆಗಳಿವೆ, ಎಷ್ಟು ಮನೆಗಳಲ್ಲಿ ಬೇನೆ ಬಂದಿತು, ಬಾವಿಯ ನೀರನ್ನು ಕಾಯಿಸಿ ಕುಡಿದವರಲ್ಲಿ ಎಷ್ಟು, ಕಾಯಿಸದವರಲ್ಲಿ ಎಷ್ಟು ಎಂದು ಬರೆದಿಟ್ಟು ಒಯ್ದರೆ ಬಾಗಿಲು ಬೇಗನೆ ತೆರೆಯುವದು. ಆ ಲೆಕ್ಕದಲ್ಲಿ ನಮಗೆ ವಿರೋಧವಾದದ್ದನ್ನೂ ಸೇರಿಸೋಣ. ನಮ್ಮ ಮಾತಿಗೆ ತೂಕವು ಅದರಿಂದಲೇ ಬರುವದು. ಊರಿಗೆ ಆರೋಗ್ಯದ ಕೆಲಸದವರು ಬಂದು ಮನೆಯ ವಿವರಗಳನ್ನು ಕೇಳಿದರೆ ಸತ್ಯವನ್ನೇ ಹೇಳೋಣ. ಅವರು ಬರೆದುಕೊಳ್ಳುವ ಒಂದೊಂದು ಹೆಸರೂ ಎಲ್ಲಿಯೋ ದೂರದಲ್ಲಿ ಯಾರದೋ ಮಗುವನ್ನು ಬದುಕಿಸಬಹುದು. ಅವಘಡವೊಂದು ನಡೆದರೆ, ಕೂಗು ಹಾಕುವದಕ್ಕೆ ಮುಂಚೆ, ಯಾವ ಸೀಸೆ, ಯಾವ ಕೈ, ಯಾವ ದಿನ ಎಂದು ತಾಳ್ಮೆಯಿಂದ ವಿಚಾರಿಸೋಣ. ಹಾಫ್ಕಿನನಿಗೆ ಐದು ವರ್ಷ ತಡವಾಗಿ ದೊರೆತ ನ್ಯಾಯವು ನಮ್ಮ ಊರುಗಳಲ್ಲಿಯಾದರೂ ಹೊತ್ತಿಗೆ ಸರಿಯಾಗಿ ದೊರೆಯಲಿ.